ಸಹಿ ಯಾರದು, ಮಾತು ಯಾರದು? ಕಳಲೆ ಮನೆತನದ ಮಗಳು ಮೈಸೂರು ಆಳಿದ ಏಳು ವರ್ಷ

ದ್ವಿತೀಯ ಪಿಯುಸಿ ತರಗತಿಯಲ್ಲಿ ಆಧುನಿಕ ಮೈಸೂರಿನ ಪಾಠ ನಡೆಯುತ್ತಿತ್ತು. ಹತ್ತನೇ ಚಾಮರಾಜ ಒಡೆಯರು 1894ರಲ್ಲಿ ತೀರಿಕೊಂಡರು, ಮಗ ಚಿಕ್ಕವನಾದ್ದರಿಂದ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ರೀಜೆಂಟ್ ಆದರು, ಅಂದರೆ ಮಗನ ಪರವಾಗಿ ರಾಜ್ಯ ನೋಡಿಕೊಂಡರು ಎಂದು ಹೇಳಿ ಮುಂದಿನ ವಿಷಯಕ್ಕೆ ಹೋಗುವವಳಿದ್ದೆ. ಟಿ. ನರಸೀಪುರದ ಕಡೆಯಿಂದ ಬಸ್ಸಿನಲ್ಲಿ ಬರುವ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತು ಕೇಳಿದಳು: "ಮೇಡಂ, ಅವರು ನಿಜವಾಗಿ ಆಳಿದ್ರಾ, ಇಲ್ಲಾ ಸಹಿ ಮಾತ್ರ ಹಾಕಿದ್ರಾ?"

"ಯಾಕಮ್ಮ ಹಾಗೆ ಕೇಳ್ತೀಯ?" ಅಂದೆ.

"ನಮ್ಮ ಅಮ್ಮಿ ಪಂಚಾಯಿತಿ ಮೆಂಬರ್ ಮೇಡಂ. ಸಹಿ ಅಮ್ಮಿದು, ಮಾತು ಅಬ್ಬಾದು."

ತರಗತಿಯೆಲ್ಲ ನಕ್ಕಿತು. ಅವಳು ನಗಲಿಲ್ಲ. ನನಗೂ ಆ ಕ್ಷಣಕ್ಕೆ ಸರಿಯಾದ ಉತ್ತರ ಹೊಳೆಯಲಿಲ್ಲ. "ನೋಡಿ ಹೇಳ್ತೀನಿ" ಎಂದು ಪಾಠ ಮುಂದುವರಿಸಿದೆ. ಈ ಲೇಖನ ಆ ಬಾಕಿ ಉತ್ತರ. ಪರೀಕ್ಷೆಗೂ ಒಂದಿಷ್ಟು ಉಪಯೋಗವಾದೀತು, ಆದರೆ ಅದಕ್ಕೆಂದೇ ಬರೆದದ್ದಲ್ಲ.

ಮೊದಲು ಕಳಲೆಯ ವಿಷಯ. ನಂಜನಗೂಡು ತಾಲ್ಲೂಕಿನ ಕಳಲೆ ನಿಮ್ಮಲ್ಲಿ ಕೆಲವರ ಊರೇ. ಲಕ್ಷ್ಮೀಕಾಂತಸ್ವಾಮಿ ದೇವಸ್ಥಾನ ಇರುವ ಊರು. ಬಸ್ಸಿನಲ್ಲಿ ಹೋಗುವಾಗ ಇದೊಂದು ಸಾಧಾರಣ ಊರಿನಂತೆಯೇ ಕಾಣುತ್ತದೆ. ಆದರೆ ಹದಿನೆಂಟನೆಯ ಶತಮಾನದಲ್ಲಿ ಮೈಸೂರು ರಾಜ್ಯವನ್ನು ನಿಜವಾಗಿ ನಡೆಸಿದವರು ಈ ಊರಿನ ಮನೆತನದವರು. ಒಡೆಯರ ಸೈನ್ಯದ ಮುಖ್ಯಸ್ಥರಿಗೆ ದಳವಾಯಿ ಎನ್ನುತ್ತಿದ್ದರು. ಕಳಲೆಯ ದಳವಾಯಿ ದೇವರಾಜಯ್ಯ ಮತ್ತು ಅವರ ತಮ್ಮ ನಂಜರಾಜಯ್ಯ ಎಷ್ಟು ಬಲಿಷ್ಠರಾದರೆಂದರೆ, ತಮಗೆ ಒಗ್ಗದ ಚಾಮರಾಜ ಒಡೆಯರನ್ನು 1734ರಲ್ಲಿ ಪಟ್ಟದಿಂದ ಇಳಿಸಿ ಕಬ್ಬಾಳದುರ್ಗದ ಸೆರೆಗೆ ಕಳಿಸಿದರು. ಆ ಜಾಗಕ್ಕೆ ಬಂದ ಇಮ್ಮಡಿ ಕೃಷ್ಣರಾಜ ಒಡೆಯರು ಸಿಂಹಾಸನದ ಮೇಲೆ ಕೂತಿದ್ದರು, ಆಜ್ಞೆಗಳೆಲ್ಲ ಅವರ ಹೆಸರಿನಲ್ಲೇ ಹೊರಡುತ್ತಿದ್ದವು, ತೀರ್ಮಾನ ಮಾತ್ರ ದಳವಾಯಿಗಳದು. ನಂಜರಾಜಯ್ಯನ ಕೈಕೆಳಗೆ, 1749ರ ದೇವನಹಳ್ಳಿ ಮುತ್ತಿಗೆಯಲ್ಲಿ, ಒಬ್ಬ ಸಿಪಾಯಿ ಹೆಸರು ಮಾಡಿದ. ಅವನೇ ಹೈದರ್ ಅಲಿ. 1761ರ ಹೊತ್ತಿಗೆ ದಳವಾಯಿಗಳ ಅಧಿಕಾರ ಪೂರಾ ಅವನ ಕೈಗೆ ಬಂತು. ಆಗಲೂ ಒಡೆಯರು ಸಿಂಹಾಸನದ ಮೇಲೆ ಇದ್ದೇ ಇದ್ದರು.

ಇದನ್ನು ಯಾಕೆ ಹೇಳಿದೆನೆಂದರೆ, ಹೆಸರು ಒಬ್ಬರದು, ಮಾತು ಇನ್ನೊಬ್ಬರದು ಎಂಬ ವ್ಯವಸ್ಥೆ ಹೆಂಗಸರಿಗೆ ಮಾತ್ರ ಬಂದದ್ದಲ್ಲ. ಗಂಡು ರಾಜರೂ ಅದನ್ನು ದಶಕಗಟ್ಟಲೆ ಅನುಭವಿಸಿದ್ದಾರೆ. ಅವರನ್ನು ಹಾಗೆ ಕೂರಿಸಿದ್ದು ಕಳಲೆ ಮನೆತನ. ಅದೇ ಮನೆತನದ ಹೆಣ್ಣುಮಗಳೊಬ್ಬರ ಕೈಗೆ ನೂರೈವತ್ತು ವರ್ಷಗಳ ಮೇಲೆ ರಾಜ್ಯದ ಮುದ್ರೆ ಬಂತು.

ಕೆಂಪನಂಜಮ್ಮಣ್ಣಿ ಹುಟ್ಟಿದ್ದು 1866ರಲ್ಲಿ. ತಂದೆ ಕಳಲೆ ಮನೆತನದ ಸರದಾರ್ ನರಸರಾಜ ಅರಸು. 1878ರಲ್ಲಿ ಹತ್ತನೇ ಚಾಮರಾಜ ಒಡೆಯರೊಡನೆ ಮದುವೆಯಾಯಿತು. ಲೆಕ್ಕ ಹಾಕಿ ನೋಡಿ, ಮದುಮಗಳಿಗೆ ಹನ್ನೆರಡು ವರ್ಷ. ಇಂದು ಏಳನೇ ತರಗತಿಯಲ್ಲಿರುವ ಹುಡುಗಿಯ ವಯಸ್ಸು. ಆಗ ಮೈಸೂರು ಒಡೆಯರ ಕೈಯಲ್ಲಿ ಇರಲೂ ಇಲ್ಲ. 1831ರಲ್ಲಿ ಆಡಳಿತ ಕಿತ್ತುಕೊಂಡ ಬ್ರಿಟಿಷರು ಐವತ್ತು ವರ್ಷ ಕಮಿಷನರುಗಳ ಮೂಲಕ ಆಳಿ, 1881ರ ಮಾರ್ಚ್ 25ರಂದು ರಾಜ್ಯವನ್ನು ಚಾಮರಾಜ ಒಡೆಯರಿಗೆ ಹಿಂದಿರುಗಿಸಿದರು. ಹೀಗೆ ಹದಿನೈದನೆಯ ವಯಸ್ಸಿಗೆ ಆಕೆ ನಿಜವಾದ ಅರ್ಥದಲ್ಲಿ ಮಹಾರಾಣಿಯಾದರು. 1884ರಲ್ಲಿ ಕೃಷ್ಣರಾಜ, 1888ರಲ್ಲಿ ನರಸಿಂಹರಾಜ, ಜತೆಗೆ ಜಯಲಕ್ಷಮ್ಮಣ್ಣಿ, ಕೃಷ್ಣಾಜಮ್ಮಣ್ಣಿ, ಚೆಲುವಾಜಮ್ಮಣ್ಣಿ ಎಂಬ ಮೂವರು ಹೆಣ್ಣುಮಕ್ಕಳು. ಈ ಹೆಸರುಗಳು ನಿಮಗೆ ಹೊಸವಲ್ಲ. ಮಾನಸಗಂಗೋತ್ರಿಯ ಜಯಲಕ್ಷ್ಮೀ ವಿಲಾಸ, ಮೈಸೂರಿನ ಪಿಕೆಟಿಬಿ ಆಸ್ಪತ್ರೆ, ಸಿಎಫ್‌ಟಿಆರ್‌ಐ ಇರುವ ಚೆಲುವಾಂಬ ಮಹಲು, ಇವೆಲ್ಲ ಆ ಮಕ್ಕಳ ಹೆಸರಿನವೇ. ಪಿಕೆಟಿಬಿಯಲ್ಲಿನ 'ಪಿ.ಕೆ.' ಅಂದರೆ ಪ್ರಿನ್ಸೆಸ್ ಕೃಷ್ಣಾಜಮ್ಮಣ್ಣಿ. ಆಕೆ ಸತ್ತದ್ದು ಕ್ಷಯದಿಂದ.

1894ರ ಡಿಸೆಂಬರಿನಲ್ಲಿ ಮಹಾರಾಜರು ಕಲ್ಕತ್ತೆಯಲ್ಲಿದ್ದರು. ಅಲ್ಲಿ ಗಂಟಲಮಾರಿ, ಅಂದರೆ ಡಿಫ್ತೀರಿಯಾ, ತಗುಲಿತು. 28ರಂದು ತೀರಿಕೊಂಡರು. ಅವರಿಗೆ 31 ವರ್ಷ, ರಾಣಿಗೆ 28, ಪಟ್ಟಕ್ಕೆ ಬರಬೇಕಾದ ಮಗನಿಗೆ ಹತ್ತು.

ಇಲ್ಲಿ ಸ್ವಲ್ಪ ನಿಲ್ಲಬೇಕು. ರಾಜ್ಯ ವಾಪಸ್ ಬಂದು ಇನ್ನೂ ಹದಿನಾಲ್ಕು ವರ್ಷ ಆಗಿರಲಿಲ್ಲ. ರಾಜ ಸತ್ತ, ಮಗ ಮಗು. "ಹುಡುಗ ದೊಡ್ಡವನಾಗುವವರೆಗೆ ನಾವೇ ನೋಡಿಕೊಳ್ಳುತ್ತೇವೆ" ಎಂದು ಬ್ರಿಟಿಷರು ಹೇಳಿದ್ದರೆ ತಡೆಯುವವರು ಯಾರೂ ಇರಲಿಲ್ಲ. ಮೈಸೂರಿನವರಿಗೆ ಅದರ ನೆನಪು ಹಳೆಯದೂ ಅಲ್ಲ. ಹಾಗಾಗಲಿಲ್ಲ. 1895ರ ಫೆಬ್ರವರಿ 1ರಂದು ಬಾಲಕ ಕೃಷ್ಣರಾಜ ಒಡೆಯರಿಗೆ ಪಟ್ಟವಾಯಿತು, ತಾಯಿ ರೀಜೆಂಟ್ ಆಗಿ ನೇಮಕವಾದರು. ಅವರಿಗೆ ವಾಣಿವಿಲಾಸ ಸನ್ನಿಧಾನ ಎಂಬ ಬಿರುದು. ಅವರ ಜತೆಗೆ ಒಂದು ಕೌನ್ಸಿಲ್: ಅಧ್ಯಕ್ಷರು ದಿವಾನ್ ಕೆ. ಶೇಷಾದ್ರಿ ಅಯ್ಯರ್, ಸದಸ್ಯರು ಟಿ.ಆರ್.ಎ. ತಂಬುಚೆಟ್ಟಿ, ಪಿ.ಎನ್. ಕೃಷ್ಣಮೂರ್ತಿ ಮತ್ತು ಖಾನ್ ಬಹದ್ದೂರ್ ಅಬ್ದುಲ್ ರಹಮಾನ್. ಒಬ್ಬರು ಕ್ರೈಸ್ತರು, ಒಬ್ಬರು ಬ್ರಾಹ್ಮಣರು, ಒಬ್ಬರು ಮುಸ್ಲಿಮರು. ಆಗಿನ ಮೈಸೂರು ಆಡಳಿತ ಯಾರು ಯಾರನ್ನು ಲೆಕ್ಕಕ್ಕೆ ಇಟ್ಟುಕೊಂಡಿತ್ತು ಎಂಬುದು ಈ ಪಟ್ಟಿಯಲ್ಲೇ ಕಾಣುತ್ತದೆ. ಯಾರು ಬಿಟ್ಟುಹೋಗಿದ್ದರು ಎಂಬುದೂ ಕಾಣುತ್ತದೆ.

ಈಗ ನೇರ ಪ್ರಶ್ನೆಗೆ ಬರುತ್ತೇನೆ. ಅನುಮಾನ ಪಡಲು ಕಾರಣಗಳಿವೆ. ಶೇಷಾದ್ರಿ ಅಯ್ಯರ್ 1883ರಿಂದಲೇ ದಿವಾನರು, ಹನ್ನೆರಡು ವರ್ಷ ಪಳಗಿದ ಕೈ, ಹಟದ ಮನುಷ್ಯ. ಎದುರಿಗೆ ಅಧಿಕಾರದ ಅನುಭವವೇ ಇಲ್ಲದ 28ರ ವಿಧವೆ. ಅರಮನೆಯ ಹೆಂಗಸರಿಗೆ ಗೋಷಾ ಇತ್ತು. ದರ್ಬಾರಿನಲ್ಲಿ ಎಲ್ಲರ ಮುಂದೆ ಕೂರುವಂತಿಲ್ಲ, ಊರೂರು ಸುತ್ತಿ ಜನರನ್ನು ನೋಡುವಂತಿಲ್ಲ. ಆ ಕಾಲದ ಕೆಲಸಗಳ ಬಗ್ಗೆ ಪರೀಕ್ಷೆಯಲ್ಲಿ ಕೇಳಿದರೆ ನೀವೆಲ್ಲ ಶೇಷಾದ್ರಿ ಅಯ್ಯರ್ ಹೆಸರು ಬರೆಯುತ್ತೀರಿ, ನಾನು ಅಂಕ ಕೊಡುತ್ತೇನೆ. ತಪ್ಪೇನಿಲ್ಲ, ಯೋಜನೆಗಳನ್ನು ಹೊಸೆದವರು ಅವರೂ ಅವರ ಎಂಜಿನಿಯರುಗಳೂ ಹೌದು.

ಆದರೆ ಗೋಷಾ ಇದ್ದ ಮಾತ್ರಕ್ಕೆ ಅಧಿಕಾರ ಇರಲಿಲ್ಲ ಎಂದುಕೊಳ್ಳಬೇಡಿ. ಅದೇ 1895ರಲ್ಲಿ ಭೋಪಾಲದಲ್ಲಿ ಶಾಹಜಹಾನ್ ಬೇಗಂ ಆಳುತ್ತಿದ್ದರು, ಯಾರ ಪರವಾಗಿಯೂ ಅಲ್ಲ, ಸ್ವಂತ ಹಕ್ಕಿನಿಂದ. 1901ರಲ್ಲಿ ಅವರ ಮಗಳು ಸುಲ್ತಾನ್ ಜಹಾನ್ ಬೇಗಂ ಪಟ್ಟಕ್ಕೆ ಬಂದು 1926ರವರೆಗೆ ಆಳಿದರು. ಬುರ್ಖಾದಲ್ಲೇ ಸಭೆಗಳಿಗೆ ಹೋದರು, ಪರದೇಶ ಸುತ್ತಿದರು, ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯದ ಮೊದಲ ಕುಲಾಧಿಪತಿಯಾದರು. ಅತ್ತ ಚೀನಾದಲ್ಲಿ ರಾಜಮಾತೆ ಸಿಶಿ ಪರದೆಯ ಹಿಂದೆ ಕೂತು ಇಡೀ ಸಾಮ್ರಾಜ್ಯವನ್ನು ಕೈಯಲ್ಲಿಟ್ಟುಕೊಂಡಿದ್ದಳು. ಇಷ್ಟಕ್ಕೂ ಇವರೆಲ್ಲರ ಮೇಲೆ ಲಂಡನ್ನಿನಲ್ಲಿ ಕೂತಿದ್ದವಳು ವಿಕ್ಟೋರಿಯಾ.

ಹಾಗಾದರೆ ಮೈಸೂರಿನಲ್ಲಿ ಹೇಗೆ ಗೊತ್ತು ಮಾಡಿಕೊಳ್ಳುವುದು? ನಾನು ಹಿಡಿದ ದಾರಿ ಇದು: ಯೋಜನೆ ಯಾರ ತಲೆಯಿಂದ ಬಂತು ಎಂದು ಕೇಳುವುದರ ಬದಲು, ಒಪ್ಪಿಗೆ ಕೊಡುವುದು ಎಷ್ಟು ಕಷ್ಟವಾಗಿತ್ತು ಎಂದು ಕೇಳುವುದು. ಸುಮ್ಮನೆ ಸಹಿ ಹಾಕುವವರಿಗೆ ಸುಲಭದ ದಾರಿ "ಮಗ ದೊಡ್ಡವನಾಗಲಿ, ಆಮೇಲೆ ನೋಡೋಣ" ಎನ್ನುವುದು. ರೀಜೆಂಟರ ಮೇಲೆ ಯಾರೂ ತಪ್ಪು ಹೊರಿಸುತ್ತಿರಲಿಲ್ಲ. ರಾಜ್ಯವನ್ನು ಇದ್ದಂತೆ ಕಾಪಾಡಿ ಮಗನಿಗೆ ಒಪ್ಪಿಸಿದರೆ ಸಾಕಿತ್ತು.

ಕಾಲವೂ ಒಳ್ಳೆಯದಾಗಿರಲಿಲ್ಲ. ಬ್ರಿಟಿಷರಿಗೆ ವರ್ಷವರ್ಷ ಕೊಡಬೇಕಾದ ಕಪ್ಪ ಹಿಂದೆ 24.5 ಲಕ್ಷ ರೂಪಾಯಿ ಇತ್ತು. 1881ರ ಒಪ್ಪಂದ ಅದನ್ನು 35 ಲಕ್ಷಕ್ಕೆ ಏರಿಸಿತ್ತು. ಹೆಚ್ಚಳದ ಹತ್ತೂವರೆ ಲಕ್ಷವನ್ನು ಮುಂದೂಡುತ್ತಾ ಬಂದು, ಕಟ್ಟಲೇಬೇಕಾಗಿ ಬಂದದ್ದು 1896ರಲ್ಲಿ, ರೀಜೆನ್ಸಿ ಶುರುವಾದ ಮರುವರ್ಷ. 1897ರಲ್ಲಿ ಮಗಳು ಜಯಲಕ್ಷಮ್ಮಣ್ಣಿಯ ಮದುವೆಯ ಸಮಯದಲ್ಲೇ ಹಳೆಯ ಮರದ ಅರಮನೆಗೆ ಬೆಂಕಿ ಬಿತ್ತು. 1898ರಲ್ಲಿ ಪ್ಲೇಗು ಬಂತು. ಇಲಿ ಬಿದ್ದರೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡ ಕಥೆಯನ್ನು ನಮ್ಮ ಕಡೆಯ ಅಜ್ಜಿಯರು ತಮ್ಮ ಅಜ್ಜಿಯರಿಂದ ಕೇಳಿದ್ದಾರೆ.

ಇಂಥ ಕಾಲದಲ್ಲಿ ಆಕೆಯ ಸಹಿ ಬಿದ್ದ ಕೆಲಸಗಳನ್ನು ನೋಡಿ. 1898ರಲ್ಲಿ, ಅಂದರೆ ಪ್ಲೇಗಿನ ವರ್ಷವೇ, ಹಿರಿಯೂರಿನ ಬಳಿ ಮಾರಿಕಣಿವೆಯಲ್ಲಿ ವೇದಾವತಿ ನದಿಗೆ ಅಣೆಕಟ್ಟು ಶುರುವಾಯಿತು. ಮುಗಿದದ್ದು 1907ರಲ್ಲಿ. ಅದಕ್ಕೆ ವಾಣಿವಿಲಾಸ ಸಾಗರ ಎಂದು ಹೆಸರು ಬಂದದ್ದು ಇವರಿಂದಲೇ. ಆ ಬಯಲುಸೀಮೆಯಲ್ಲಿ ಕೆರೆ ತುಂಬುವುದೇ ಅಪರೂಪ. 1933ರಲ್ಲಿ ಕೋಡಿ ಬಿದ್ದದ್ದು ಮತ್ತೆ ಬಿದ್ದದ್ದು 2022ರಲ್ಲಿ. ಬೆಂಗಳೂರಿನಲ್ಲಿ ವಿಕ್ಟೋರಿಯಾ ಆಸ್ಪತ್ರೆಗೆ 1897ರಲ್ಲಿ ಕಲ್ಲು ಇಟ್ಟವರು ಮಹಾರಾಣಿ ರೀಜೆಂಟ್. 1900ರಲ್ಲಿ ಅದು ತೆರೆಯಿತು. ಪ್ಲೇಗಿನ ಪೆಟ್ಟು ತಿಂದ ಬೆಂಗಳೂರಿಗೆ ಗಾಳಿ ಬೆಳಕಿನ ಹೊಸ ಬಡಾವಣೆಗಳಾಗಿ ಬಸವನಗುಡಿ, ಮಲ್ಲೇಶ್ವರಂ ಎದ್ದದ್ದೂ ಈ ಕಾಲದಲ್ಲೇ.

ನಮಗೆ ಹತ್ತಿರದ್ದು ಶಿವನಸಮುದ್ರ. ನಂಜನಗೂಡಿನಲ್ಲಿ ಸ್ನಾನಘಟ್ಟದ ಪಕ್ಕ ಹರಿಯುವ ಕಪಿಲೆ ಟಿ. ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತದೆ, ಅಲ್ಲಿಂದ ತಲಕಾಡು ದಾಟಿ ಶಿವನಸಮುದ್ರದಲ್ಲಿ ಧುಮುಕುತ್ತದೆ. ಆ ಧುಮುಕುವ ನೀರಿನಿಂದ ಕರೆಂಟು ತೆಗೆದು, ಸುಮಾರು 150 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗೆ ತಂತಿಯಲ್ಲಿ ಕಳಿಸುವುದು ಯೋಜನೆ. ಅಷ್ಟು ದೂರಕ್ಕೆ ವಿದ್ಯುತ್ ಕಳಿಸುವುದು ಆಗ ಪ್ರಪಂಚದಲ್ಲೇ ಹೊಸದು. ಎಂಜಿನಿಯರ್ ಜೋಲಿ ಡಿ ಲಾಟ್‌ಬಿನಿಯೇರ್ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಿಂದ ಯಂತ್ರ ತರಿಸಬೇಕೆಂದರು. ಬೆಂಗಳೂರಿನ ಬೀದಿಯಲ್ಲೇ ವಿದ್ಯುತ್ ದೀಪ ಇಲ್ಲದ ಕಾಲ ಅದು. ಯಂತ್ರ ಕೈಕೊಟ್ಟರೆ, ಗಣಿಯವರು ಹಿಂದೆ ಸರಿದರೆ, ಖಜಾನೆಯ ದುಡ್ಡು ನೀರಿನಲ್ಲಿ ಹೋಮ. ಅದಕ್ಕೂ ಒಪ್ಪಿಗೆ ಬಂತು. 1902ರ ಜೂನ್ 30ರಂದು ಶಿವನಸಮುದ್ರದ ಕರೆಂಟು ಕೋಲಾರ ಮುಟ್ಟಿತು. ಬೆಂಗಳೂರಿಗೆ ಬೆಳಕು ಬಂದದ್ದು 1905ರಲ್ಲಿ, ಮೈಸೂರಿಗೆ 1908ರಲ್ಲಿ. ನೀರು ನಮ್ಮ ಕಡೆಯದು, ನಮ್ಮ ಹಳ್ಳಿಗಳು ಸೀಮೆಎಣ್ಣೆ ಬುಡ್ಡಿಯಲ್ಲೇ ಇನ್ನೂ ಎಷ್ಟೋ ವರ್ಷ ಕಳೆದವು. ಅದನ್ನೂ ಹೇಳದೆ ಬಿಡಬಾರದು.

ಇಲ್ಲಿ ಒಂದು ದಿನಾಂಕವನ್ನು ಗಮನಿಸಿ. ಶೇಷಾದ್ರಿ ಅಯ್ಯರ್ ಆರೋಗ್ಯ ಕೆಟ್ಟು 1901ರಲ್ಲಿ ನಿವೃತ್ತರಾದರು, ಅದೇ ವರ್ಷ ತೀರಿಕೊಂಡರು. ಅವರ ಬಳಿಕ ತಂಬುಚೆಟ್ಟಿ, ಅವರ ನಂತರ ಕೃಷ್ಣಮೂರ್ತಿ ದಿವಾನರಾದರು. ಒಂದೇ ವರ್ಷದಲ್ಲಿ ಮೂವರು. ಎಲ್ಲವೂ ಶೇಷಾದ್ರಿ ಅಯ್ಯರ್ ಒಬ್ಬರದೇ ಮಾತಾಗಿದ್ದರೆ ಅವರ ಜತೆ ಶಿವನಸಮುದ್ರವೂ ಮಾರಿಕಣಿವೆಯೂ ಕುಂಟಬೇಕಿತ್ತು. ಕುಂಟಲಿಲ್ಲ. ದಿವಾನರು ಬದಲಾದ ಆ ವರ್ಷ ಬದಲಾಗದೆ ಉಳಿದ ಹೆಸರು ಒಂದೇ.

ಎಲ್ಲವನ್ನೂ ಹೊಗಳಬೇಕಿಲ್ಲ. ಬೆಂಕಿಗೆ ಆಹುತಿಯಾದ ಅರಮನೆಯ ಜಾಗದಲ್ಲಿ ಹೆನ್ರಿ ಇರ್ವಿನ್ ನಕ್ಷೆಯಂತೆ ಈಗಿನ ಅರಮನೆ ಕಟ್ಟಲು 1897ರಲ್ಲೇ ತೊಡಗಿದರು. 1912ಕ್ಕೆ ಮುಗಿಯುವ ಹೊತ್ತಿಗೆ 41 ಲಕ್ಷಕ್ಕೂ ಮೀರಿ ಖರ್ಚಾಗಿತ್ತು. ಪ್ಲೇಗಿನ ಕಾಲದಲ್ಲಿ ಅದು ಬೇಕಿತ್ತೇ? ಪ್ರತಿ ವರ್ಷ ತರಗತಿಯಲ್ಲಿ ಇದರ ಮೇಲೆ ಜಗಳವಾಗುತ್ತದೆ, ನಾನು ಬೇಕಿರಲಿಲ್ಲ ಎನ್ನುವವರ ಕಡೆ. ಬಾಲ್ಯವಿವಾಹ ತಡೆಯುವ ಕಾಯಿದೆ ಬಂದದ್ದು 1894ರಲ್ಲಿ, ಗಂಡನ ಕಾಲದಲ್ಲಿ. ಎಂಟು ವರ್ಷದೊಳಗಿನ ಹೆಣ್ಣುಮಗುವಿನ ಮದುವೆಯನ್ನು, ಐವತ್ತು ದಾಟಿದ ಗಂಡಸು ಹದಿನಾಲ್ಕರೊಳಗಿನ ಹುಡುಗಿಯನ್ನು ಮದುವೆಯಾಗುವುದನ್ನು ಅದು ನಿಷೇಧಿಸಿತು. ಅದನ್ನು ಜಾರಿ ಮಾಡುವ ಹೊಣೆ ರೀಜೆನ್ಸಿಯ ಮೇಲೆ ಬಿತ್ತು. ಹನ್ನೆರಡಕ್ಕೆ ಮದುವೆಯಾದ ಹೆಣ್ಣಿನ ಹೆಸರಿನಲ್ಲಿ ಆ ಕಾನೂನು ನಡೆಯಿತು. ಎಂಟು ಎಂಬ ಆ ಗೆರೆ ನಿಮಗೆ ಇಂದು ತೀರಾ ಕೆಳಗೆ ಕಾಣುತ್ತದೆ, ಕಾಣಲಿ. ಆಗ ಅದಕ್ಕೂ ವಿರೋಧವಿತ್ತು.

ಮಗನನ್ನು ಬೆಳೆಸಿದ್ದನ್ನು ನಾನು ಆಡಳಿತದ ಕೆಲಸವೆಂದೇ ಎಣಿಸುತ್ತೇನೆ. ಐಸಿಎಸ್ ಅಧಿಕಾರಿ ಸ್ಟುವರ್ಟ್ ಫ್ರೇಸರ್ ಅವರನ್ನು ಗುರುವಾಗಿ ಗೊತ್ತುಮಾಡಿದರು. ಹುಡುಗ ಒಬ್ಬನೇ ಅರಮನೆಯಲ್ಲಿ ಕೂತು ಓದಲಿಲ್ಲ, ಓರಗೆಯ ಹುಡುಗರನ್ನು ಜತೆಗೆ ಸೇರಿಸಿ ಪಾಠ. ಆ ಸಹಪಾಠಿಗಳಲ್ಲಿ ಒಬ್ಬ ಬೆಂಗಳೂರಿನ ಕುದುರೆ ವ್ಯಾಪಾರಿ ಅಲಿ ಅಸ್ಕರ್ ಅವರ ಮೊಮ್ಮಗ. ಮುಂದೆ 1926ರಿಂದ 1941ರವರೆಗೆ ಮೈಸೂರಿನ ದಿವಾನರಾದ ಮಿರ್ಜಾ ಇಸ್ಮಾಯಿಲ್. ಅರಸನಿಗೂ ದಿವಾನನಿಗೂ ಅಷ್ಟು ವರ್ಷ ನಡೆದ ನಂಟು ಆ ಶಾಲೆಯ ಬೆಂಚಿನಲ್ಲಿ ಹುಟ್ಟಿದ್ದು.

1902ರ ಆಗಸ್ಟ್ 8ರಂದು ವೈಸ್‌ರಾಯ್ ಕರ್ಜನ್ ಮೈಸೂರಿಗೆ ಬಂದು ಹದಿನೆಂಟು ತುಂಬಿದ ಕೃಷ್ಣರಾಜ ಒಡೆಯರಿಗೆ ಪೂರ್ಣ ಅಧಿಕಾರ ವಹಿಸಿದರು. (ಉತ್ತರಪತ್ರಿಕೆಯಲ್ಲಿ ಹಲವರು ಗೊಂದಲ ಮಾಡಿಕೊಳ್ಳುತ್ತೀರಿ: ಪಟ್ಟ 1895, ಅಧಿಕಾರ 1902. ನಡುವಿನದು ರೀಜೆನ್ಸಿ.) ರಾಣಿಗೆ ಆಗ 36. ಇನ್ನೂ ಮೂವತ್ತೆರಡು ವರ್ಷ ಬದುಕಿದರು, 1934ರಲ್ಲಿ ತೀರಿಕೊಂಡರು. ಸಿಶಿ ಸಾಯುವವರೆಗೂ ಹಿಡಿತ ಬಿಡಲಿಲ್ಲ, ಕಳಲೆಯ ಹಿಂದಿನ ದಳವಾಯಿಗಳೂ ಬಿಟ್ಟವರಲ್ಲ. ಇವರು ಗೊತ್ತಾದ ದಿನ ಬಿಟ್ಟುಕೊಟ್ಟರು.

ನಾನು ತಲುಪಿದ ಉತ್ತರ ಹೀಗೆ: ಶುರುವಿನಲ್ಲಿ ಅದು ಸಹಿ ಮಾತ್ರವೇ ಆಗಿದ್ದಿರಬಹುದು. ಏಳು ವರ್ಷ ಫೈಲು ನೋಡುತ್ತಾ ನೋಡುತ್ತಾ ಸಹಿ ಹಾಕುವ ಕೈ ಕೆಲಸ ಕಲಿತಿತು. ಇದು ನನ್ನ ಊಹೆ, ಬೇರೆಯವರು ಬೇರೆ ಹೇಳಿಯಾರು.

ಒಂದು ಮಾತು ಮರೆಯಬಾರದು. ಆಕೆ ರಾಜ್ಯದ ತುದಿಯಲ್ಲಿ ಕೂತಿದ್ದಾಗ ಮೈಸೂರಿನ ಪ್ರಜಾಪ್ರತಿನಿಧಿ ಸಭೆಗೆ ಒಬ್ಬ ಹೆಂಗಸೂ ಮತ ಹಾಕುವಂತಿರಲಿಲ್ಲ. ಆ ಅಡ್ಡಿ ಹೋದದ್ದು 1923ರಲ್ಲಿ. ಆಮೇಲೆ, ಇದೇ ನಂಜನಗೂಡು ರಸ್ತೆಯಲ್ಲಿ ಮುಂದೆ ಸಿಗುವ ಗುಂಡ್ಲುಪೇಟೆಯಿಂದ ಕೆ.ಎಸ್. ನಾಗರತ್ನಮ್ಮ 1957ರಲ್ಲಿ ವಿಧಾನಸಭೆಗೆ ಗೆದ್ದರು. 1972ರಿಂದ 1978ರವರೆಗೆ ಸ್ಪೀಕರ್ ಆಗಿದ್ದರು, ಕರ್ನಾಟಕದ ಮೊದಲ ಮಹಿಳಾ ಸ್ಪೀಕರ್. ಅವರು ಯಾರ ಪರವಾಗಿಯೂ ಬಂದವರಲ್ಲ, ಜನ ಕಳಿಸಿದವರು. 2010ರಿಂದ ನಮ್ಮ ಪಂಚಾಯಿತಿಗಳಲ್ಲಿ ಅರ್ಧ ಸೀಟು ಹೆಂಗಸರಿಗೆ. ಪ್ರಶ್ನೆ ಕೇಳಿದ ಹುಡುಗಿಯ ಅಮ್ಮಿ ಬಂದದ್ದು ಆ ದಾರಿಯಲ್ಲಿ.

ಇಷ್ಟನ್ನೂ ಮರುವಾರ ತರಗತಿಯಲ್ಲಿ ಹೇಳಿದೆ. ಅವಳು ಸುಮ್ಮನೆ ಬರೆದುಕೊಂಡಳು. ಪಾಠ ಮುಗಿದ ಮೇಲೆ ಸ್ಟಾಫ್ ರೂಮಿನ ಬಾಗಿಲಿಗೆ ಬಂದು, "ಮೇಡಂ, ಪಂಚಾಯಿತಿ ಮೀಟಿಂಗಿನ ನೋಟಿಸು ಕನ್ನಡದಲ್ಲಿರುತ್ತೆ. ಅಮ್ಮಿಗೆ ಉರ್ದು ಓದೋಕೆ ಬರುತ್ತೆ, ಕನ್ನಡ ಬರಲ್ಲ. ನಾನು ಓದಿ ಹೇಳಿದ್ರೆ ತಪ್ಪಾ?" ಅಂದಳು.

"ತಪ್ಪೇನಮ್ಮ, ಓದಿ ಹೇಳು" ಅಂದೆ.

"ಹಂಗಾದ್ರೆ ಸಹಿಗೆ ಮುಂಚೆನೇ ಓದ್ತೀನಿ" ಎಂದು ಬಸ್ಸಿಗೆ ಓಡಿದಳು.